ಪದವಿಯ ಜಮಾ-ಖರ್ಚು

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಸಂಜೆಯೇ ಡೊಂಬಿವಿಲಿಯ ನಮ್ಮ ಮನೆಯಲ್ಲಿ ದುಂಡುಮೇಜಿನ ಪರಿಷತ್ತು ನೆರೆಯಿತು. ಮೇಜಿನ ಬದಲು ಚಾಪೆ. ಸದಸ್ಯರು ನಾವಿಬ್ಬರು ಗಂಡಹೆಂಡಿರು ಮತ್ತು ಮಗಳು. ಮಗಳು ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕಗಳನ್ನೇ ತಂದಿದ್ದಳು. ಮುಂದೇನು ಎಂಬುದೇ ಅಂದಿನ ಚರ್ಚಾವಿಷಯ.

ನಾವು ಕರಾವಳಿಯವರು. ನಮ್ಮ ಜಿಲ್ಲೆಗೆ ಬ್ಯಾಂಕುಗಳ ತೊಟ್ಟಿಲೆಂದೇ ಹೆಸರು. ಕೆನರಾ ಬ್ಯಾಂಕಿನ ಮೂಲಸಂಸ್ಥೆ ಮಂಗಳೂರಿನಲ್ಲೂ ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲೂ ಹುಟ್ಟಿದ್ದು 1906ರಲ್ಲಿ. ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. 'ಬಿ.ಕಾಂ. ಮುಗಿಸು, ಬ್ಯಾಂಕು ಸೇರು' ಎಂಬುದು ನಮ್ಮ ಕಾಲದ ಹಿರಿಯರ ಮಂತ್ರ. ಆ ಮಂತ್ರವನ್ನೇ ಜಪಿಸುತ್ತ ನಮ್ಮಲ್ಲೊಬ್ಬರು 1992ರಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನ ಗಲ್ಲಾದಲ್ಲಿ ಕುಳಿತು, ರಾತ್ರಿ ಕಾಲೇಜಿನಲ್ಲಿ ಓದಿದ್ದು. ಇನ್ನೊಬ್ಬರು ಊರಿನಲ್ಲಿ ಎರಡನೆಯ ಬಿ.ಕಾಂ.ನಲ್ಲಿದ್ದಾಗಲೇ ಹಸೆಮಣೆ ಏರಿದ್ದು.

ಮಗಳ ವಿಷಯದಲ್ಲಿ ಮಾತ್ರ ನಾವು ಧಾರಾಳಿಗಳಾಗಿದ್ದೆವು. ಖಾಸಗಿ ಕಾಲೇಜೊಂದರ ಹೊಳೆಯುವ ಕೈಪಿಡಿ ನಮ್ಮ ಕಣ್ಣು ಕುಕ್ಕಿತ್ತು. ಮ್ಯಾನೇಜ್‌ಮೆಂಟ್ ಪದವಿ, ಹೆಸರಿನಷ್ಟೇ ಶುಲ್ಕವೂ ಉದ್ದ. ಊರಮನೆಯ ಮಾಡು ರಿಪೇರಿಗೆಂದು ಕೂಡಿಟ್ಟ ಹಣವನ್ನು ಅದಕ್ಕೇ ಸುರಿಯುವುದೆಂದು ಗುಟ್ಟಾಗಿ ನಿಶ್ಚಯಿಸಿದ್ದೆವು.

ಆಗ ಮಗಳು ಕೇಳಿದಳು: "ಅಪ್ಪಾ, ನೀವು ಬಿ.ಕಾಂ. ಮಾಡಿದ್ದು ಯಾಕೆ?"

"ಬ್ಯಾಂಕ್ ಕೆಲಸಕ್ಕೆ, ಮಗಾ."

"ಸಿಕ್ಕಿತಾ?"

ಚಾಪೆಯ ಮೇಲೆ ಮೌನ ಕವಿಯಿತು. ಸಿಕ್ಕಿರಲಿಲ್ಲ. ಐದು ಸಲ ಪರೀಕ್ಷೆ ಬರೆದು ಸೋತ ಸಂಗತಿಯನ್ನು ನಾವು ಅವಳಿಗೆ ಹೇಳಿಯೇ ಇರಲಿಲ್ಲ. ಬಟ್ಟೆ ವ್ಯಾಪಾರಿಯೊಬ್ಬರ ಲೆಕ್ಕ ಬರೆದೇ ಈ ಸಂಸಾರ ಸಾಗಿದ್ದು. ಇಂದು ಆ ಬ್ಯಾಂಕುಗಳಲ್ಲಿ ಮೂರರ ಫಲಕಗಳೂ ಇಲ್ಲ: ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು.

ಮಗಳು ನಗಲಿಲ್ಲ. ಒಳಗಿನಿಂದ ಒಂದು ನೋಟುಪುಸ್ತಕ ತಂದಳು. ಪ್ರತಿ ಕಾಲೇಜಿಗೂ ಒಂದೊಂದು ಪುಟ. ಪುಟಕ್ಕೆ ಮೂರು ಅಂಕಣ: ಹಣ, ಹೊತ್ತು, ವರ್ಷದ ಕೊನೆಗೆ ಕೈಗೆ ಬರುವುದು. ನಾವು ಕೇವಲ ಶುಲ್ಕ ನೋಡಿದ್ದೆವು. ಅವಳು ರೈಲಿನ ಪಾಸು, ಪುಸ್ತಕ, ಪ್ರಯಾಣದಲ್ಲಿ ಕಳೆಯುವ ಗಂಟೆಗಳನ್ನೂ ಬರೆದಿದ್ದಳು.

ಅವಳು ಆರಿಸಿದ್ದು ಅನುದಾನಿತ ಕಾಲೇಜಿನ ಸಾದಾ ಬಿ.ಕಾಂ. ಜೊತೆಗೆ ಸಿ.ಎ. ಫೌಂಡೇಷನ್, ಬಳಿಕ ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು, ಅನಂತರ ಆರ್ಟಿಕಲ್‌ಶಿಪ್. ಮೊದಲು ಮೂರು ವರ್ಷವಿದ್ದ ಆ ತರಬೇತಿ 2023ರ ಹೊಸ ಕ್ರಮದಲ್ಲಿ ಎರಡು ವರ್ಷಕ್ಕೆ ಇಳಿದಿದೆ. ಅಲ್ಪಸ್ವಲ್ಪ ಭತ್ಯೆಯೂ ಉಂಟು.

"ಸಿ.ಎ. ಆಗದಿದ್ದರೆ?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು. ಐದು ಸಲ ಸೋತವರ ಮನೆಯಲ್ಲಿ ಹುಟ್ಟುವ ಪ್ರಶ್ನೆ ಅದು.

ಅವಳು ಪುಟ ತಿರುವಿದಳು. ಅದಕ್ಕೂ ಒಂದು ಲೆಕ್ಕವಿತ್ತು. ಮೂರನೆಯ ವರ್ಷದ ಕೊನೆಗೆ ಇಂಟರ್ ಪಾಸಾಗದಿದ್ದರೂ ಪದವಿ ಕೈಯಲ್ಲಿರುತ್ತದೆ. ಜಿ.ಎಸ್.ಟಿ., ಟ್ಯಾಲಿ ಕಲಿತು ಲೆಕ್ಕದ ಕೆಲಸಕ್ಕೆ ಸೇರಬಹುದು, ಇಲ್ಲವೇ ಎಂ.ಕಾಂ. ಓದಬಹುದು. "ಇದು ಎರಡನೆಯ ದಾರಿ, ಸೋಲಲ್ಲ" ಎಂದಳು.

ನಮ್ಮ ಕಾಲದಲ್ಲಿ ಈ ಎರಡನೆಯ ಪುಟವನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಪದವಿಯೆಂದರೆ ರೈಲಿನ ಟಿಕೇಟು, ಕೊಂಡರೆ ಊರು ಮುಟ್ಟಿಯೇ ಮುಟ್ಟುತ್ತೇವೆ ಎಂದುಕೊಂಡಿದ್ದೆವು. ಮುಟ್ಟದಿದ್ದಾಗ ಅದನ್ನು ಅವಮಾನವೆಂದು ಬಚ್ಚಿಟ್ಟೆವು. ಲೆಕ್ಕ ಬರೆದು ಬಾಳಿದವರೇ ನಮ್ಮ ಬದುಕಿನ ಲೆಕ್ಕವನ್ನು ಮಗಳಿಗೆ ತೋರಿಸಿರಲಿಲ್ಲ.

ಅಂದು ರಾತ್ರಿ ತೋರಿಸಿದೆವು. ಐದು ಸೋಲುಗಳನ್ನೂ, ಅರ್ಧಕ್ಕೆ ನಿಂತ ಆ ಬಿ.ಕಾಂ. ಕಥೆಯನ್ನೂ. ಊಟಕ್ಕೆ ಏಳುವಾಗ ಹನ್ನೊಂದು ದಾಟಿತ್ತು.

ಈಗ ಮಗಳು ಬೆಳಗಿನ ಲೋಕಲ್ ಹಿಡಿದು ಕಾಲೇಜಿಗೆ ಹೋಗುತ್ತಿದ್ದಾಳೆ. ಮಳೆಗಾಲಕ್ಕೆ ಮೊದಲೇ ಊರಮನೆಯ ಮಾಡಿಗೆ ಹೊಸ ಹಂಚು ಹೊದಿಸಿದೆವು. ಮಗಳ ಅಮ್ಮ ಮಾತ್ರ ಬಿಡುವಾದಾಗ ಅವಳ ಅಕೌಂಟೆನ್ಸಿ ಪುಸ್ತಕ ತೆರೆದು ಕೂರುತ್ತಾಳೆ. ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಲು ವಯಸ್ಸಿನ ಮಿತಿಯಿಲ್ಲವಂತೆ. ನೋಟುಪುಸ್ತಕದಲ್ಲಿ ಇನ್ನೂ ಖಾಲಿ ಪುಟಗಳಿವೆ.