ಆರು ಸೆಕೆಂಡ್

1/6
ಸೂಳೆಕೆರೆ ರೀಲ್ ಯಾಕೆ ಡಿಲೀಟ್ ಮಾಡ್ದೆ ಅಂತ ಮೂರು ವಾರದಿಂದ ಕೇಳ್ತಿದೀರ. "ಅಕೌಂಟ್ ಹ್ಯಾಕ್ ಆಯ್ತಾ ಬ್ರೋ" ಅಂದೋರಿದಾರೆ. ಪೊಲೀಸ್ ಕೇಸ್ ಆಯ್ತಂತೆ ಅಂತ ಕಥೆ ಕಟ್ಟಿದೋರೂ ಇದಾರೆ. ಎರಡೂ ಅಲ್ಲ.

ಇವತ್ತಿನ ಫೋಟೊ ಫೋನಲ್ಲಿ ತೆಗೆದದ್ದು. ಏರಿ ಮೇಲೆ ನಿಂತು ತೆಗೆದೆ, ನೀರು ಬಿಟ್ಟರೆ ಬೇರೇನೂ ಇಲ್ಲ. ಉದ್ದ ಬರೀತಿದೀನಿ, ಆರು ಪೋಸ್ಟ್ ಆಗುತ್ತೆ. ಅರ್ಧ ಓದಿ ಕಾಮೆಂಟ್ ಹಾಕ್ಬೇಡಿ, ಪೂರ್ತಿ ಓದಿ ಹಾಕಿ.

2/6
ಮೊದಲು ಡ್ರೋನ್ ವಿಷಯ. ನನ್ನದು 249 ಗ್ರಾಂ. ಈ 249 ಸುಮ್ಮನೆ ಬಂದ ಲೆಕ್ಕ ಅಲ್ಲ. 2021ರ ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು 'ನ್ಯಾನೊ'. ಬೇರೆ ದೇಶಗಳಲ್ಲೂ ಇದೇ 250ರ ಗೆರೆ ಇರೋದ್ರಿಂದ ಕಂಪನಿಗಳು ಒಂದು ಗ್ರಾಂ ಕಮ್ಮಿ ಮಾಡಿ ಮಾರ್ತಾರೆ. ಹವ್ಯಾಸಕ್ಕೆ ಹಾರಿಸೋದಾದ್ರೆ 2 ಕೆಜಿವರೆಗೂ ಪೈಲಟ್ ಸರ್ಟಿಫಿಕೇಟ್ ಬೇಡ. ಡಿಜಿಟಲ್ ಸ್ಕೈ ಮ್ಯಾಪಲ್ಲಿ ಹಸಿರು ಬಣ್ಣದ ಜಾಗ ಆದ್ರೆ 400 ಅಡಿವರೆಗೆ ಯಾರ ಅನುಮತಿಯೂ ಬೇಡ. ಹಳದಿ ಆದ್ರೆ ಕೇಳ್ಬೇಕು, ಕೆಂಪು ಆದ್ರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಸಂತೇಬೆನ್ನೂರು ಪುಷ್ಕರಣಿ ಹತ್ರ ಹಾರಿಸು ಅಂತ ಎಷ್ಟು ಜನ ಹೇಳಿದ್ರಿ. ಅದು ಪುರಾತತ್ವ ಇಲಾಖೆ ಸ್ಮಾರಕ, ಅನುಮತಿ ಇಲ್ದೆ ಆಗಲ್ಲ. ಇದೆಲ್ಲ ನನಗೆ ಬಾಯಿಪಾಠ. ಪಠ್ಯಪುಸ್ತಕನ ಇಷ್ಟು ಓದಿದ್ರೆ ಎರಡು ಬ್ಯಾಕ್ ಉಳೀತಿರಲಿಲ್ಲ.

ದುಡ್ಡು ಎಲ್ಲಿಂದ ಬಂತು ಅಂದ್ರೆ, ಎರಡು ಸೀಸನ್ ಅಡಿಕೆ ಸುಲಿಯೋ ಮನೇಲಿ ಲೆಕ್ಕ ಬರೆದೆ. ಉಳಿದದ್ದು ಅಮ್ಮ ಕೊಟ್ಲು. 2022ರ ಫೆಬ್ರವರಿಯಿಂದ ಹೊರದೇಶದ ಡ್ರೋನ್ ಆಮದು ಬಂದ್, ಹಂಗಾಗಿ ಅದಕ್ಕೂ ಮುಂಚೆ ತಂದಿದ್ದ ಒಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಾಸ್ಟೆಲ್ಲಲ್ಲಿ ಅವತ್ತಿಂದ ನನ್ನ ಹೆಸರು ಹೋಗಿ 'ಡ್ರೋನ್ ಪ್ರತಾಪ' ಆಯ್ತು. ಇರ್ಲಿ.

ಮೊದಲು ಹಾರಿಸಿದ್ದು ದಾವಣಗೆರೆಯ ಒಂದು ಪಾರ್ಕಲ್ಲಿ. ಬೆಳಗ್ಗೆ ವಾಕಿಂಗ್ ಟೈಮು. ಮೇಲೆ ಹೋಗಿ ಎರಡು ನಿಮಿಷ ಆಗಿರಲಿಲ್ಲ, ವಾಚ್‌ಮನ್ ಬಂದ್ರು. "ತಮ್ಮಾ, ಇಳಿಸು ಅದನ್ನ." ನಾನು ಫೋನ್ ತೆಗೆದು ಮ್ಯಾಪ್ ತೋರಿಸ್ದೆ, ನೋಡಿ ಅಣ್ಣ ಹಸಿರು ಇದೆ ಅಂದೆ. ಅವರು ಫೋನ್ ಕಡೆ ನೋಡ್ಲೇ ಇಲ್ಲ. ಕಲ್ಲು ಬೆಂಚಲ್ಲಿ ತಲೆಗೆ ಸೆರಗು ಎಳ್ಕೊಂಡು ಮೇಲೆ ನೋಡ್ತಿದ್ದ ಒಬ್ಬರು ಅಜ್ಜಿ ಕಡೆ ಕೈ ಮಾಡಿ, "ನನಗೇನು ತೋರಿಸ್ತೀಯ, ಆ ಅಮ್ಮಂಗೆ ತೋರಿಸು ಹೋಗು" ಅಂದ್ರು. ನಾನು ಹೋಗಲಿಲ್ಲ. ಇಳಿಸಿ ಬ್ಯಾಗಿಗೆ ಹಾಕ್ಕೊಂಡು, ಈ ಮನುಷ್ಯಂಗೆ ರೂಲ್ಸ್ ಗೊತ್ತಿಲ್ಲ ಅಂತ ಬೈಕೊಂಡು ಬಂದೆ. ಊರಿಗೆ ಹೋದಾಗ ಸೂಳೆಕೇರೇಲೇ ಹಾರಿಸೋಣ, ಅಲ್ಲಿ ಕೇಳೋರು ಯಾರು ಅಂತ.

3/6
ಹೊರಗಿನೋರಿಗೆ ಒಂದು ಮಾತು. ಹೆಸರು ನೋಡಿ ನಗೋದು ಮೊದಲು ನಿಲ್ಸಿ. ಬೋರ್ಡಲ್ಲಿ ಶಾಂತಿಸಾಗರ, ಬಸ್ಸಲ್ಲಿ ಟಿಕೆಟ್ ತಗೊಳೋವಾಗ ಸೂಳೆಕೆರೆ. ಎರಡು ಗುಡ್ಡದ ಸಂದಿಗೆ ಏರಿ ಹಾಕಿ ಹರಿದ್ರಾ ಹಳ್ಳ ನಿಲ್ಸಿದಾರೆ. ಏರಿ ನೋಡಿದ್ರೆ ಇಷ್ಟೇನಾ ಅನ್ಸುತ್ತೆ, ಹಿಂದೆ ತಿರುಗಿ ನೀರು ನೋಡಿದ್ರೆ ಆ ದಡ ಕಾಣಲ್ಲ. ಸುತ್ತಳತೆ 40 ಮೈಲಿ ಅಂತ ಹಳೇ ಗೆಜೆಟಿಯರ್ ಬರೆದಿದೆ. ಸಿದ್ಧ, ಬಸವ ಅಂತ ಎರಡು ತೂಬು. ಚಿತ್ರದುರ್ಗದೋರು ಕುಡಿಯೋದು ಇದೇ ನೀರು, ಹಂಗಾಗಿ ದುರ್ಗದ ಕ್ಲಾಸ್‌ಮೇಟ್ಸ್ ಈ ಪೋಸ್ಟಿಗೆ ಎರಡು ಲೈಕ್ ಹಾಕ್ಬೇಕು.

ಅವತ್ತು ಭಾನುವಾರ, ಸಂಜೆ ನಾಲ್ಕೂವರೆ. ಗುಡ್ಡದ ಸಂದಿ ಅಲ್ವಾ, ಗಾಳಿ ಬಾಟಲ್‌ನಿಂದ ಬಂದಂಗೆ ಬರುತ್ತೆ. ಡ್ರೋನ್ ಎತ್ತಿದ ತಕ್ಷಣ ಸ್ಕ್ರೀನಲ್ಲಿ ಗಾಳಿ ಜಾಸ್ತಿ ಅಂತ ವಾರ್ನಿಂಗ್. ಒಂದು ಗರುಡ ಬಂದು ಸುತ್ತ ಎರಡು ರೌಂಡ್ ಹಾಕ್ತು, ನನ್ನ ಜೀವ ಕೈಗೆ ಬಂತು. ಹಕ್ಕಿ ಬಂದಾಗ ಕೆಳಗೆ ಇಳಿಸಬಾರದು, ನೇರ ಮೇಲಕ್ಕೆ ಎತ್ತಬೇಕು ಅಂತ ಹೇಳ್ತಾರೆ. ಎತ್ತಿದೆ, ಹೋಯ್ತು.

ಆಮೇಲೆ ತೋಟದ ಕಡೆಯಿಂದ ಲುಂಗಿ ಎತ್ತಿ ಕಟ್ಟಿದ ಯಜಮಾನರೊಬ್ಬರು ದಾಪುಗಾಲಲ್ಲಿ ಬಂದ್ರು. "ಯಾವ ಆಫೀಸಿನೋನಪ್ಪ ನೀನು? ಸರ್ವೆಗೆ ಬಂದೀಯಾ?" ನನಗೆ ನಗು. ಅವರಿಗೆ ನಗು ಇರಲಿಲ್ಲ. ಕೆರೆ ಒತ್ತುವರಿ, ಸರ್ವೆ ಅನ್ನೋ ಮಾತು ಸುತ್ತ ಊರಲ್ಲಿ ಹಳೇದು. ಡ್ರೋನ್ ಅಂದ್ರೆ ಜನಕ್ಕೆ ಗೊತ್ತಿರೋದು ಮೂರೇ: ಮದುವೆ ವಿಡಿಯೊ, ಭತ್ತಕ್ಕೆ ಔಷಧಿ ಹೊಡೆಯೋದು, ಸ್ವಾಮಿತ್ವ ಸರ್ವೆ. ಅಲ್ಲಿ ಮದುವೆ ಇರಲಿಲ್ಲ, ನನ್ನ ಡ್ರೋನಲ್ಲಿ ಔಷಧಿ ಕ್ಯಾನೂ ಇರಲಿಲ್ಲ. ಉಳಿದದ್ದು ಸರ್ವೆ. "ಅಜ್ಜಾ, ಆಟಕ್ಕೆ" ಅಂದೆ. "ಆಟಕ್ಕೆ ಇಷ್ಟು ಎತ್ತರ ಯಾಕೆ ಬೇಕು" ಅಂದು, ನಂಬದೇನೇ ಹೋದ್ರು.

ಅದಾದ್ಮೇಲೆ ಸಿಕ್ತು ಶಾಟ್. ನೋಡಿದೋರಿಗೆ ಗೊತ್ತು. ನೀರಿನ ಮೇಲಿಂದ ತಗ್ಗಲ್ಲಿ ಬಂದು, ಏರಿ ದಾಟಿ, ಒಮ್ಮೆಲೇ ಅಡಿಕೆ ತೋಟ, ಗದ್ದೆ ತೆರೆದುಕೊಳ್ಳೋದು. ಆ ಏರಿ ದಾಟೋ ಜಾಗದಲ್ಲಿ ಕಲ್ಲಿನ ಮೇಲೆ ಇಬ್ಬರು ಕೂತಿದ್ರು. ಆರು ಸೆಕೆಂಡ್.

4/6
38 ಸಾವಿರ ವ್ಯೂಸ್. ನನ್ನ ಹಿಂದಿನ ದಾಖಲೆ 900. ಎರಡು ದಿನ ನಾನು ಕ್ಲಾಸಲ್ಲಿ ಇದ್ದೆ ಅಷ್ಟೇ, ತಲೆ ಫೋನಲ್ಲಿತ್ತು. ಊರಿನ ಹೆಸರಿನ ನಾಲ್ಕು ಪೇಜ್‌ಗಳು ಎತ್ತಿ ಹಾಕ್ಕೊಂಡ್ರು. ಖುಷಿಯಾಯ್ತು.

ಮೂರನೇ ದಿನ ಅವಳು ಬರಲಿಲ್ಲ. ನಾಲ್ಕನೇ ದಿನವೂ. ಅವಳ ಬೆಂಚ್‌ಮೇಟ್ ಕ್ಯಾಂಟೀನ್ ಹಿಂದೆ ನನ್ನ ನಿಲ್ಸಿ, "ನಿನ್ನ ರೀಲ್ ಸರಿಯಾಗಿ ನೋಡಿದೀಯಾ?" ಅಂದ್ಲು. ನೋಡಿದ್ದೆ, ನೂರು ಸಲ. ನೀರು ನೋಡಿದ್ದೆ, ಬಣ್ಣ ನೋಡಿದ್ದೆ, ಕಟ್ ಎಲ್ಲಿ ಬೀಳುತ್ತೆ ನೋಡಿದ್ದೆ. ಕಲ್ಲಿನ ಮೇಲೆ ಕೂತೋರ ಮುಖ ನೋಡಿರಲಿಲ್ಲ. ನನಗೆ ಅವರು 'ಸ್ಕೇಲ್'. ಕೆರೆ ಎಷ್ಟು ದೊಡ್ಡದು ಅಂತ ಗೊತ್ತಾಗಕ್ಕೆ ಇಬ್ಬರು ಮನುಷ್ಯರು, ಅಷ್ಟೇ.

ಮನೇಲಿ ಸ್ಪೆಷಲ್ ಕ್ಲಾಸ್ ಅಂತ ಹೇಳಿ ಬಂದಿದ್ಲಂತೆ. ಪಕ್ಕ ಕೂತಿದ್ದೋನು ಫ್ರೆಂಡೋ ಇನ್ನೇನೋ, ಅದು ನನಗೆ ಬೇಡ, ನಿಮಗೂ ಬೇಡ. ಅವಳ ಅಣ್ಣಂಗೆ ಯಾರೋ ಫಾರ್ವರ್ಡ್ ಮಾಡಿದಾರೆ. ಝೂಮ್ ಮಾಡಿ, ಸುತ್ತ ಕೆಂಪು ಗೆರೆ ಹಾಕಿ. ಮನೇಲಿ ಫೋನ್ ಕಿತ್ಕೊಂಡ್ರು. ಕಾಲೇಜು ಸಾಕು, ಮುಂದಿನ ವರ್ಷ ನೋಡೋಣ ಅಂದ್ರು. 'ನೋಡೋಣ' ಅಂದ್ರೆ ಏನು ಅಂತ ನಮ್ಮ ಕಡೆ ಹುಡುಗೀರಿಗೆ ಬಿಡಿಸಿ ಹೇಳೋದು ಬೇಡ.

ಅವತ್ತೇ ಡಿಲೀಟ್ ಮಾಡ್ದೆ. ಆ ನಾಲ್ಕು ಪೇಜ್‌ಗೂ ಮೆಸೇಜ್ ಹಾಕ್ದೆ. ಇಬ್ಬರು ತೆಗೆದ್ರು. ಒಬ್ಬ "ಕ್ರೆಡಿಟ್ ಕೊಡ್ತೀವಿ ಬಿಡಿ ಬ್ರೋ" ಅಂದ, ಅವನಿಗೆ ಸಮಸ್ಯೆ ಏನು ಅಂತಾನೇ ಅರ್ಥ ಆಗಲಿಲ್ಲ. ಇನ್ನೊಬ್ಬ ಬ್ಲಾಕ್ ಮಾಡ್ದ. ಅದು ಇವತ್ತಿಗೂ ಅಲ್ಲೇ ಇದೆ. ಲಿಂಕ್ ಕೇಳ್ಬೇಡಿ.

5/6
ರೂಮ್‌ಮೇಟ್ ಹೇಳಿದ್ದು: "ನಿಂದೇನಲೇ ತಪ್ಪು? ಪಬ್ಲಿಕ್ ಪ್ಲೇಸ್. ಬಸ್ಸಲ್ಲಿ ಹೋಗೋರು ನೋಡಲ್ವಾ?" ಒಂದು ವಾರ ನಾನೂ ಇದನ್ನೇ ಹಿಡ್ಕೊಂಡಿದ್ದೆ. ಹೌದು, ಬಸ್ಸಲ್ಲಿ ಹೋಗೋರು ನೋಡ್ತಾರೆ. ಆದ್ರೆ ಅವರನ್ನ ಅವಳೂ ನೋಡ್ತಾಳೆ. ಪರಿಚಯದೋರು ಕಂಡ್ರೆ ಎದ್ದು ಹೋಗಬಹುದು, ಮುಖ ತಿರುಗಿಸಬಹುದು. ಮೇಲಿಂದ ಬಂದದ್ದು ನೀರಿನ ಕಡೆಯಿಂದ, ಬೆನ್ನಿಂದ ಎದುರಿಗೆ. ಗಾಳಿ ಸದ್ದಲ್ಲಿ ಡ್ರೋನ್ ಸದ್ದು ಕೇಳ್ಸಿಲ್ಲ. ಬಸ್ಸು 38 ಸಾವಿರ ಜನರನ್ನ ಕೂರಿಸ್ಕೊಂಡು ಹಿಂದೆ ಮುಂದೆ ಓಡಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ಕ್ಕೆ ಹೇಳ್ತಲ್ಲ, ಒಂಬತ್ತು ಜಡ್ಜ್‌ಗಳ ಪೀಠ. ಆ ಕೇಸ್ ಹಾಕಿದೋರು ನಮ್ಮ ರಾಜ್ಯದೋರೇ, ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಕೇಸ್ ಹಾಕಿದಾಗ ಅವರಿಗೆ 80 ದಾಟಿತ್ತು. ಇದು ನಮಗೆ ಸಿಲಬಸ್ಸಲ್ಲಿತ್ತು, ಐದು ಮಾರ್ಕಿಗೆ ಬರೆದೂ ಬಂದಿದ್ದೆ.

ಇನ್ನೊಂದು ತಲೇಲಿ ಓಡ್ತಿತ್ತು. ಈ ಕೆರೆ ಕಟ್ಟಿಸಿದ್ದು ಶಾಂತವ್ವ ಅಂತ ಜನ ಹೇಳೋ ಕಥೆ. ರಾಜನ ಮಗಳು, ಒಬ್ಬನ ಜೊತೆ ಸ್ನೇಹ ಆಯ್ತು, ಊರು ಮಾತಾಡ್ತು, ಆ ಕಳಂಕ ತೊಳ್ಕೊಳಕ್ಕೆ ಕೆರೆ ಕಟ್ಟಿಸಿದ್ಲು ಅಂತಾರೆ. ಜಾಗ ಬಿಟ್ಟುಕೊಟ್ಟ ಹೆಂಗಸರ ಹೆಸರು ಕೆರೆಗೆ ಉಳೀತಂತೆ. ನಿಜವೋ ಸುಳ್ಳೋ. ನಮ್ಮಜ್ಜಿ ಈ ಕಥೆ ಹೇಳುವಾಗೆಲ್ಲ "ಆ ಹುಡುಗ ಏನು ಕಟ್ಟಿಸ್ದ?" ಅಂತ ನಾನು ಕೇಳ್ತಿದ್ದೆ, ಅಜ್ಜಿ ಬೈತಿದ್ಲು.

6/6
ಹನ್ನೊಂದನೇ ದಿನ ಬಂದ್ಲು. ಹೆಂಗೆ ಒಪ್ಪಿಸಿದ್ರು ಅಂತ ಪೂರ್ತಿ ಗೊತ್ತಿಲ್ಲ. ನಮ್ಮ ಒಬ್ಬ ಮೇಡಂ ಮನೆಗೆ ಹೋಗಿ ಅವರ ಅಪ್ಪಾಜಿ ಜೊತೆ ಮಾತಾಡಿದಾರೆ ಅನ್ನೋದಷ್ಟೇ ಗೊತ್ತು. ಈಗ ಬೆಳಗ್ಗೆ ಅಣ್ಣ ಬೈಕಲ್ಲಿ ಬಿಡ್ತಾನೆ, ಸಂಜೆ ಗೇಟಲ್ಲಿ ನಿಂತಿರ್ತಾನೆ. ಲೈಬ್ರರಿ ಅವರ್ಸ್ ಇಲ್ಲ, ಫೋನ್ ಇಲ್ಲ.

ನಾನು ಸಾರಿ ಕೇಳಕ್ಕೆ ಹೋದೆ. ಕಾರಿಡಾರಲ್ಲಿ, ಬೆಂಚ್‌ಮೇಟ್ ಇದ್ದಾಗಲೇ. ಏನೇನೋ ಜೋಡಿಸ್ಕೊಂಡು ಹೋಗಿದ್ದೆ, ಬಂದದ್ದು "ನಾನು ನೋಡಿರಲಿಲ್ಲ" ಅಂತ ಒಂದೇ. ಅವಳು "ಗೊತ್ತು. ಅದಕ್ಕೇ ಸಿಟ್ಟು" ಅಂದ್ಲು. ಬೆಲ್ ಹೊಡೀತು, ಹೋದ್ಲು. ಕ್ಷಮಿಸಿದೀನಿ ಅಂತ ಹೇಳ್ಲಿಲ್ಲ, ನಾನು ಮತ್ತೆ ಕೇಳ್ಲೂ ಇಲ್ಲ.

ಅವಳ ಅಣ್ಣನ ಹತ್ರ ಮಾತಾಡ್ಲಾ ಅಂತ ಬೆಂಚ್‌ಮೇಟ್ ಕೈಲಿ ಕೇಳಿಸ್ದೆ. ಬೇಡ, ಇನ್ನೊಂದು ಕಥೆ ಶುರುವಾಗುತ್ತೆ ಅಂತ ಉತ್ತರ ಬಂತು.

ಡ್ರೋನ್ ಮಾರಿಲ್ಲ. ಮಾರಬೇಕು ಅಂತ ಅನ್ಸಿತ್ತು, ಆದ್ರೆ ಅಮ್ಮ ಕೊಟ್ಟ ದುಡ್ಡು ಅದು. ಹೋದ ವಾರ ಚಿಕ್ಕಪ್ಪನ ಗದ್ದೆ ಮೇಲೆ ಎತ್ತಿದೆ, ನೀರು ಎಲ್ಲಿ ನಿಂತಿದೆ ನೋಡಕ್ಕೆ. ಕಳೆ ಕೀಳ್ತಿದ್ದ ಅಕ್ಕಂದಿರ ಹತ್ರ ಮೊದಲು ಹೋಗಿ, "ಅಕ್ಕಾ, ಮೇಲೆ ಬಿಡ್ತೀನಿ, ನೀವು ಬೀಳ್ತೀರಿ ಅದರಲ್ಲಿ" ಅಂದೆ. ಒಬ್ಬರು ತಲೆ ಬಟ್ಟೆ ಸರಿ ಮಾಡ್ಕೊಂಡ್ರು, ಒಬ್ಬರು ಬೇಡಪ್ಪ ಅಂತ ಬದುವಿನ ಕಡೆ ಹೋಗಿ ಕೂತ್ರು, ಇನ್ನೊಬ್ಬರು "ಟೀವೀಲಿ ಬರುತ್ತಾ" ಅಂತ ಕೇಳಿದ್ರು. ಕೂತೋರು ಎದ್ದು ವಾಪಸ್ ಬರೋ ತನಕ ಐದು ನಿಮಿಷ, ಬ್ಯಾಟರಿ ಕಾಲು ಭಾಗ ಖಾಲಿ. ವಿಡಿಯೊ ಎಲ್ಲೂ ಹಾಕಿಲ್ಲ.

ಇದನ್ನ ಬರೆಯೋಕೆ ಮುಂಚೆ ಅವಳಿಗೆ ನೋಟ್‌ಬುಕ್ಕಲ್ಲಿ ಬರ್ಕೊಂಡು ಹೋಗಿ ತೋರಿಸ್ದೆ. ಎರಡು ಕಡೆ ಪೆನ್ನಲ್ಲಿ ಹೊಡೆದು ಹಾಕಿದ್ಲು. ಅಂದು ಉಟ್ಟಿದ್ದ ಬಟ್ಟೆ ಬಣ್ಣ ಬರೆದಿದ್ದೆ, ಅದೊಂದು. ಇನ್ನೊಂದು ಏನು ಅಂತ ಹೇಳಲ್ಲ.

ಹೆಸರು ಗೊತ್ತಿರೋರು ಗೊತ್ತು ಅಂತ ಕಾಮೆಂಟಲ್ಲಿ ತೋರಿಸ್ಕೋಬೇಡಿ. ಟ್ಯಾಗ್, ಹಾರ್ಟು, ಕಣ್ಣು ಹೊಡೆಯೋ ಎಮೋಜಿ, ಯಾವುದೇ ಆಗ್ಲಿ, ನೋಡಿದ ತಕ್ಷಣ ತೆಗೀತೀನಿ. ರಾತ್ರಿ ಹತ್ತರವರೆಗೆ ಎದ್ದಿರ್ತೀನಿ.

#ಸೂಳೆಕೆರೆ #ಶಾಂತಿಸಾಗರ #ಚನ್ನಗಿರಿ