ತಡವರಿಸಿದ ಗಳಿಗೆಯನ್ನು ಬರೆದಿಡಿ

ಪ್ರಿಯ ಸ್ನೇಹಿತರೇ,

ಪೋರ್ಟ್‌ಲ್ಯಾಂಡ್‌ನಿಂದ ನೀವು ಬರೆದ ಕಾಗದ ಕೈಸೇರಿತು. ಎಷ್ಟೋ ವರ್ಷಗಳಿಂದ ಆಸೆಪಟ್ಟ ಮಿಯಾಟಾ ಕಾರು, ಅದೂ 1991ರದ್ದು, ಕೊನೆಗೂ ಮನೆಯ ಮುಂದೆ ನಿಂತಿದೆ ಎಂದು ಓದಿ ನಿಮ್ಮಷ್ಟೇ ಹಿಗ್ಗು ನನಗೂ ಆಯಿತು. 1989ರ ಫೆಬ್ರವರಿಯಲ್ಲಿ ಮಜ್ದಾ ಇದನ್ನು ಶಿಕಾಗೋ ಮೋಟಾರು ಮೇಳದಲ್ಲಿ ತೋರಿಸಿದಾಗಿನಿಂದ ಇದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಸುಮಾರು ಒಂದು ಟನ್ ತೂಕ, 1.6 ಲೀಟರ್ ಇಂಜಿನ್, ಎರಡೇ ಸೀಟು. ಅಷ್ಟರಲ್ಲೇ ಓಡಿಸುವ ಸುಖವೆಲ್ಲ ಇದೆ.

ಆ ಸುಖಕ್ಕೇ ಈಗ ಅಡ್ಡಿ ಬಂದಿದೆ ಅಂದಿರಿ. ಏರು ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಇಂಜಿನ್ ತಡವರಿಸುತ್ತದೆ, ಮರುಕ್ಷಣ ಏನೂ ಆಗದಂತೆ ಓಡುತ್ತದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಸರಿಯಾಗಿರುತ್ತದೆ. ಡಾಕ್ಟರ ಮುಂದೆ ಕೂತೊಡನೆ ಮಾಯವಾಗುವ ಹೊಟ್ಟೆನೋವಿನ ಹಾಗೆ. ಒಬ್ಬರು ಪೆಟ್ರೋಲ್ ಪಂಪ್ ಬದಲಿಸಿ ಅಂದರು, ಇನ್ನೊಬ್ಬರು ಸೆನ್ಸರ್ ಅಂದರು. ದಯವಿಟ್ಟು ಇನ್ನೂ ಏನನ್ನೂ ಕೊಳ್ಳಬೇಡಿ. ಒಂದು ಚಿಕ್ಕ ನೋಟ್‌ಬುಕ್ ತಂದು ಕಾರಿನಲ್ಲಿಡಿ.

ತಡವರಿಸಿದಾಗಲೆಲ್ಲ, ಕಾರು ನಿಲ್ಲಿಸಿದ ಮೇಲೆ, ಬರೆದಿಡಿ: ಇಂಜಿನ್ ತಣ್ಣಗಿತ್ತೋ ಕಾದಿತ್ತೋ, ಮಳೆ ಬರುತ್ತಿತ್ತೋ, ಯಾವ ಗೇರು, ಎಷ್ಟು ಆರ್‌ಪಿಎಂ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು. ಟ್ಯಾಕೋಮೀಟರಿನ ಮುಳ್ಳು ಏನು ಮಾಡಿತು ಎಂಬುದನ್ನು ಮರೆಯಬೇಡಿ. ಇಂಜಿನ್ ತಡವರಿಸಿದ ಗಳಿಗೆಯಲ್ಲೇ ಮುಳ್ಳು ಧೊಪ್ಪನೆ ಸೊನ್ನೆಗೆ ಬಿದ್ದರೆ ಅನುಮಾನ ಕರೆಂಟಿನ ಕಡೆಗೆ ಹೋಗಬೇಕು. ಇಗ್ನೈಟರ್, ಇಂಜಿನ್ನಿನ ಹಿಂಭಾಗದಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರ್, ಅವುಗಳ ಕನೆಕ್ಟರುಗಳು. ಮುಳ್ಳು ಇಂಜಿನ್ನಿನ ಜೊತೆಗೇ ಮೆಲ್ಲಗೆ ಇಳಿದರೆ ಬೇರೆ ಕಡೆ ಹುಡುಕೋಣ.

ಇಂಜಿನ್ನಿಗೆ ಬೇಕಾದ್ದು ಮೂರೇ: ಗಾಳಿ, ಪೆಟ್ರೋಲ್, ಕಿಡಿ. ಏರಿನಲ್ಲಿ, ಪೆಡಲ್ ಜೋರಾಗಿ ಒತ್ತಿದಾಗ ಮಾತ್ರ ಅನ್ನುತ್ತೀರಲ್ಲ, ಅದರಿಂದಾಗಿ ನನಗೆ ಮೊದಲ ಅನುಮಾನ ಪ್ಲಗ್ ವೈರುಗಳ ಮೇಲೆ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಸಂದಿಯನ್ನು ಹಾರಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ವೈರಿನ ಹೊದಿಕೆ ವಯಸ್ಸಾಗಿ ಬಿರುಕು ಬಿಟ್ಟಿದ್ದರೆ ಕರೆಂಟು ಪ್ಲಗ್ಗಿನವರೆಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರಿಬಿಡುತ್ತದೆ. ನಿಧಾನಕ್ಕೆ ಓಡಿಸುವಾಗ ಇದು ಕಾಣುವುದೇ ಇಲ್ಲ. ನಿಮ್ಮೂರಿನ ಚಳಿಗಾಲದ ತೇವ ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ.

ಪರೀಕ್ಷಿಸುವುದು ಸುಲಭ. ಕತ್ತಲಾದ ಮೇಲೆ, ಮನೆಯ ಹೊರಗೆ, ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿ. ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ತೆಳುವಾಗಿ ನೀರಿನ ಮಂಜು ಹಾಯಿಸಿ. ನೀಲಿ ಕಿಡಿ ಎಲ್ಲಾದರೂ ಮಿನುಗಿದರೆ ಕಳ್ಳ ಸಿಕ್ಕಿಬಿದ್ದ. ಆ ಹೊತ್ತಿನಲ್ಲಿ ವೈರುಗಳನ್ನು ಖಂಡಿತ ಮುಟ್ಟಬೇಡಿ. ಕೈ, ತೋಳಿನ ಬಟ್ಟೆ ಬೆಲ್ಟಿನಿಂದಲೂ ದೂರವಿರಲಿ.

ಕಿಡಿ ಕಾಣದಿದ್ದರೆ ಗಾಳಿಯ ಕಡೆ ತಿರುಗಿ. ಏರ್ ಫ್ಲೋ ಮೀಟರಿನಿಂದ ಥ್ರಾಟಲ್ ಬಾಡಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಮಡಿಕೆಗಳನ್ನು ಕೈಯಲ್ಲಿ ಬಾಗಿಸಿ ನೋಡಿ. ಜೋರಾಗಿ ಎಳೆಯುವಾಗ ಇಂಜಿನ್ ತನ್ನ ಮೌಂಟಿಂಗುಗಳ ಮೇಲೆ ಒಂದು ಪಕ್ಕಕ್ಕೆ ವಾಲುತ್ತದೆ. ಆಗ ಮಡಿಕೆಯ ಸೀಳು ಬಾಯ್ತೆರೆದು, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ, ಪೆಟ್ರೋಲ್ ಸಾಲದಾಗುತ್ತದೆ. ವಾಲಿದ್ದು ನೆಟ್ಟಗಾದರೆ ಸೀಳೂ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಸಿಗದ ಕಾಯಿಲೆಗಳಲ್ಲಿ ಇದೂ ಒಂದು.

ಪೆಟ್ರೋಲಿನ ಸರದಿ ಕೊನೆಗೆ. ಫಿಲ್ಟರ್ ಕಟ್ಟಿದ್ದರೆ, ಪಂಪ್ ಸೋತಿದ್ದರೆ, ಸಾಮಾನ್ಯವಾಗಿ ತೊಂದರೆ ಒಂದೇ ಕ್ಷಣದ್ದಾಗಿರುವುದಿಲ್ಲ. ಪೆಡಲ್ ಒತ್ತಿ ಹಿಡಿದಷ್ಟೂ ಹೊತ್ತು ಇಂಜಿನ್ ಸೊರಗುತ್ತದೆ. ಪ್ರೆಶರ್ ಗೇಜ್ ಹಾಕಿ ನೋಡುವ ಮೊದಲು ಪಂಪ್ ಬದಲಿಸುವ ಮಾತೇ ಬೇಡ.

ಇನ್ನೊಂದು ವಿಷಯ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಕ್ಯಾನರ್ ನಿಮ್ಮ ಕಾರಿಗೆ ಹೊಂದುವುದಿಲ್ಲ. ಅದು ಓದುವ ಓಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 1996ರ ಮಾದರಿಯಿಂದ. ಹಾಗಾಗಿ ನಿಮ್ಮ ಕಣ್ಣು, ಕಿವಿ, ನೋಟ್‌ಬುಕ್ಕೇ ಇಲ್ಲಿ ಸ್ಕ್ಯಾನರ್.

ಕಳಕಳಿಯಿಂದ ಹೇಳುವ ಮಾತೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಿಂದೊಮ್ಮೆ ನನ್ನ ಹಳೆಯ ಕಾರು ಹೀಗೇ ಜರ್ಕ್ ಹೊಡೆಯುತ್ತಿದ್ದಾಗ, ಒಂದೇ ಭಾನುವಾರ ಪ್ಲಗ್, ಫಿಲ್ಟರ್, ಕಾಯಿಲ್ ಮೂರನ್ನೂ ಬದಲಿಸಿದೆ. ಸರಿಹೋಯಿತು. ಎರಡು ತಿಂಗಳ ಮೇಲೆ ಅದೇ ಜರ್ಕ್ ಮತ್ತೆ ಬಂದಾಗ, ಯಾವುದರಿಂದ ಸರಿಹೋಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಹುಡುಕಾಟವನ್ನು ಮೊದಲಿನಿಂದ ಶುರುಮಾಡಬೇಕಾಯಿತು. ಅಂದಿನಿಂದ ಪ್ರತಿ ರಿಪೇರಿಗೂ ತಾರೀಖು ಬರೆದು, ನಡುವೆ ಒಂದು ವಾರವಾದರೂ ಓಡಿಸಿ ನೋಡುತ್ತೇನೆ.

ಮೂವತ್ತು ವರ್ಷ ದಾಟಿದ ಕಾರು ನಿಮ್ಮಿಂದ ಕೇಳುತ್ತಿರುವುದು ಈ ತಾಳ್ಮೆಯನ್ನು. ಮುಂದಿನ ಕಾಗದದಲ್ಲಿ ಕಾರಣ ಸಿಕ್ಕಿತೋ ಇಲ್ಲವೋ ಎಂದು ತಿಳಿಸುವ ಆತುರ ಬೇಡ. ನೋಟ್‌ಬುಕ್ಕಿನ ಮೊದಲ ಪುಟವನ್ನು ಹಾಗೇ ನಕಲು ಮಾಡಿ ಕಳಿಸಿ, ಇಬ್ಬರೂ ಕೂಡಿ ಓದೋಣ.

ನಿಮ್ಮ ವಿಶ್ವಾಸಿ