1526ರಲ್ಲಿ ಇಳಿದವನು

ಕಾಲಯಾನದ ಚಿತ್ರಗಳ ನಾಯಕರು ಯಾವ ಶತಮಾನದಲ್ಲಿ ಇಳಿದರೂ ಹೆಚ್ಚಾಗಿ ಹೋಗುವುದು ಅರಮನೆಗೇ. 2014ರ ಅನಿಮೇಷನ್ ಚಿತ್ರ ‘ಮಿಸ್ಟರ್ ಪೀಬಾಡಿ ಅಂಡ್ ಶೆರ್ಮನ್’ನಲ್ಲಿ ಮಹಾಬುದ್ಧಿವಂತ ನಾಯಿ ಪೀಬಾಡಿ, ತನ್ನ ದತ್ತುಮಗ ಶೆರ್ಮನ್ ಜೊತೆ ಫ್ರಾನ್ಸಿನ ರಾಣಿ ಮರೀ ಆಂಟ್ವನೆಟ್ ಕಾಲಕ್ಕೂ ಪ್ರಾಚೀನ ಈಜಿಪ್ಟಿಗೂ ಹೋಗಿಬರುತ್ತದೆ. ನೋಡುವ ಮಕ್ಕಳ ಪರವಾಗಿ ಬೆರಗುಪಡುವವನು ಆ ಹುಡುಗ. ಇಂಥ ಪಾತ್ರದ ನಿಜವಾದ ಕೆಲಸವೇ ಅದು.

ನಮ್ಮ ನೆಲದ ಇತಿಹಾಸಕ್ಕೆ ಹೀಗೆ ಬಂದವನು ಅನಿಮೇಷನ್ ಪಾತ್ರವಲ್ಲ, 1991ರ ತೆಲುಗು ಚಿತ್ರ ‘ಆದಿತ್ಯ 369’ರ ಕೃಷ್ಣಕುಮಾರ. ನಮಗೆ ‘ಹಾಲು ಜೇನು’ ಕೊಟ್ಟ ಸಿಂಗೀತಂ ಶ್ರೀನಿವಾಸರಾವ್ ಅವರೇ ಅದರ ನಿರ್ದೇಶಕರು. ಅದರಲ್ಲಿ ಕಾಲಯಂತ್ರ 1526ರ ವಿಜಯನಗರಕ್ಕೆ ಬಂದಿಳಿಯುತ್ತದೆ. ಕೃಷ್ಣಕುಮಾರನೂ ಕೃಷ್ಣದೇವರಾಯನೂ, ಎರಡೂ ಪಾತ್ರ ತೆಲುಗು ನಟ ಬಾಲಕೃಷ್ಣ ಅವರದೇ. ಆಸ್ಥಾನದ ವೈಭವ ಕಣ್ತುಂಬುತ್ತದೆ, ನಿಜ. ಆದರೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಬೀದಿಯನ್ನೂ ಸುತ್ತಿ, ಮಾಣಿಕ್ಯ, ವಜ್ರ, ಮುತ್ತುಗಳ ವ್ಯಾಪಾರವನ್ನು ಬರೆದಿಟ್ಟ. ಆ ಬೀದಿಯೇ ಅನಿಮೇಷನ್‌ಗೆ ಹೇಳಿ ಮಾಡಿಸಿದ ಜಾಗ. ಸೆಟ್ ಹಾಕಿ ಕಟ್ಟಲಾಗದ ಇಡೀ ಊರನ್ನು ಅಲ್ಲಿ ಬಿಡಿಸಬಹುದು.

ಅದೇ 1526ರಲ್ಲಿ ಯಂತ್ರ ಇಂದು ಬೆಂಗಳೂರಿನ ಕೆಂಗೇರಿ ಉಪನಗರವಿರುವ ಜಾಗದಲ್ಲಿ ನಿಂತರೆ? ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿದರೆನ್ನುವ 1537ಕ್ಕೆ ಇನ್ನೂ 11 ವರ್ಷ ಬಾಕಿ. ಮೆಟ್ರೋ ಇಲ್ಲ, ಮೈಸೂರು ರಸ್ತೆಯ ಟ್ರಾಫಿಕ್ ಇಲ್ಲ, ವೃಷಭಾವತಿಯಲ್ಲಿ ಕಾರ್ಖಾನೆಯ ನೊರೆಯೂ ಇಲ್ಲ. ಅಲ್ಲಿ ಇಳಿದ ಹುಡುಗಿಯೊಬ್ಬಳು ಮೊದಲು ಯಾರನ್ನು ಮಾತಾಡಿಸಬೇಕು, ಏನು ಕೇಳಬೇಕು? ಕಾಮೆಂಟಿನಲ್ಲಿ ಬರೆಯಿರಿ.